ಅನಿಲ ಕೊಡದ ಕುಂಡಕ್ಕೂ ಗುರುತು ಎಲ್ಲಿಂದ ಬಂತು?

ಪ್ರಶ್ನೆ: ಸಿಂಧನೂರು ಕಡೆಯ ಎರೆಮಣ್ಣು ತುಂಬಿದ ಕುಂಡಗಳಲ್ಲಿ ಹಿಂಗಾರಿ ಜೋಳ ಬೆಳೆಸಿ, ಬೇರಿನಿಂದ ಮಣ್ಣಿಗೆ ಎಷ್ಟು ಇಂಗಾಲ ಇಳಿಯುತ್ತದೆಂದು ನೋಡಲು ಗುರುತಾಗಿ ಇಂಗಾಲ-13 (ತುಸು ಭಾರದ ಇಂಗಾಲ) ಇರುವ ಕಾರ್ಬನ್ ಡೈಆಕ್ಸೈಡ್ ಅನಿಲ ಕೊಟ್ಟೆವು. ಅನಿಲ ಕೊಡದ ಕುಂಡದ ಮಣ್ಣೂ ಮೈನಸ್ 6 ತೋರಿಸುತ್ತಿದೆ. ಕೊಟ್ಟ ಗಿಡಗಳ ಎಲೆಯಲ್ಲಿ ಗುರುತು ತೀರಾ ಕಡಿಮೆ. ಅನಿಲ ಸೋರಿರಬಹುದೇ? ಇದರಿಂದ ವಿಕಿರಣದ ಭಯ ಉಂಟೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ರಾಯಚೂರು

ಉತ್ತರ: ವಿಕಿರಣದ ಭಯ ಬೇಡ. ಅದು ಇಂಗಾಲ-14ರ ಮಾತು. ಇಂಗಾಲ-13 ಸ್ಥಿರವಾದದ್ದು, ಪ್ರಕೃತಿಯ ಇಂಗಾಲದಲ್ಲೇ ಶೇ. 1.1ರಷ್ಟಿದೆ.

ಸೋರಿಕೆಗಿಂತ ಮೊದಲು ಸುಣ್ಣವನ್ನು ಅನುಮಾನಿಸಿ. ನಿಮ್ಮ ಮೈನಸ್ 6 ಎಂದರೆ ಇಂಗಾಲ-13ರ ಪಾಲು ಒಂದು ಮಾನಕಕ್ಕಿಂತ ಸಾವಿರಕ್ಕೆ 6ರಷ್ಟು ಕಡಿಮೆ ಎಂದು. ಈ ಲೆಕ್ಕದಲ್ಲಿ ಜೋಳದ ಇಂಗಾಲ ಮೈನಸ್ 13ರ ಆಸುಪಾಸು, ಭತ್ತದ್ದು ಮೈನಸ್ 27. ಎರೆಮಣ್ಣಿನ ಸುಣ್ಣದ ಹರಳು ಸೊನ್ನೆಯ ಹತ್ತಿರ. ಅಳೆಯುವ ಯಂತ್ರದಲ್ಲಿ ಎಲ್ಲವೂ ಒಟ್ಟಿಗೇ ಉರಿಯುವುದರಿಂದ ಅಂಕಿ ಸೊನ್ನೆಯ ಕಡೆಗೆ ಮೇಲೇರುತ್ತದೆ. ಚಿಟಿಕೆ ಮಣ್ಣಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಬುಸ್ಸೆಂದು ನೊರೆ ಬಂದರೆ ಸುಣ್ಣ ಇದೆ.

ಹಾಗೆಂದು ಮಣ್ಣನ್ನು ಆಮ್ಲದಲ್ಲಿ ತೊಳೆದು ಬಸಿಯಬೇಡಿ. ಬೇರು ಆಗಷ್ಟೇ ಸ್ರವಿಸಿದ, ನೀರಲ್ಲಿ ಕರಗುವ ಇಂಗಾಲವೂ ಹೊರಟುಹೋಗುತ್ತದೆ. ನೀವು ಹುಡುಕುತ್ತಿರುವುದೇ ಅದನ್ನು! ಆಮ್ಲದ ಆವಿ ಕೊಡುವುದು ಮೇಲು. ಬೆಳ್ಳಿಯ ಕ್ಯಾಪ್ಸೂಲ್‌ನಲ್ಲಿ 30 ಮಿಲಿಗ್ರಾಂ ಪುಡಿಮಣ್ಣು ತೂಗಿ, 50 ಮೈಕ್ರೋಲೀಟರ್ ನೀರಿನಿಂದ ತೇವ ಮಾಡಿ, ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲದ ಬೀಕರ್ ಜೊತೆ ಡೆಸಿಕೇಟರ್‌ನಲ್ಲಿ (ಬಿಗಿ ಮುಚ್ಚಳದ ಪಾತ್ರೆ), ಫ್ಯೂಮ್ ಹುಡ್ (ಆವಿ ಹೊರಹಾಕುವ ಕಪಾಟು) ಒಳಗೇ, ಮುಚ್ಚಿಡಿ. ಸಾಮಾನ್ಯ ಮಣ್ಣಿಗೆ 6–8 ತಾಸು ಸಾಕು. ಸುಣ್ಣ ಹೆಚ್ಚಿದ್ದರೆ ಒಂದು ದಿನ ಬೇಕಾದೀತು. ಆಮೇಲೆ 60 ಡಿಗ್ರಿಯಲ್ಲಿ ಒಣಗಿಸಿ. ತವರದ ಕ್ಯಾಪ್ಸೂಲ್ ಆಮ್ಲಕ್ಕೆ ತೂತು ಬೀಳುತ್ತದೆ, ಅದನ್ನು ಹೊರಕವಚವಾಗಿ ಕೊನೆಗೆ ಸುತ್ತಿ. ಸಾರಜನಕವನ್ನೂ ಅಳೆಯುವುದಾದರೆ ಅದಕ್ಕೆ ಆವಿ ತಾಗದ ಮಾದರಿಯೇ ಬೇಕು.

ಎಲೆಯಲ್ಲಿ ಗುರುತು ಕಡಿಮೆಯಾಗಲು ಬಿಸಿಲೂ ಕಾರಣವಿರಬಹುದು. ರಾಯಚೂರಿನ ಮಧ್ಯಾಹ್ನ, ಅನಿಲ ಕೊಡಲು ಗಿಡಗಳನ್ನಿಟ್ಟು ಮುಚ್ಚಿದ ಪೆಟ್ಟಿಗೆ ಒಲೆಯಾಗುತ್ತದೆ. ಪತ್ರರಂಧ್ರ ಮುಚ್ಚಿದ ಗಿಡ ಅನಿಲ ಎಳೆಯುವುದಿಲ್ಲ. ಬೆಳಿಗ್ಗೆ 8ರಿಂದ 10ರೊಳಗೆ ಮುಗಿಸಿ. ಒಳಗೆ ಸಣ್ಣ ಫ್ಯಾನು, ಐಸ್ ಪ್ಯಾಕ್ ಇರಲಿ. 1 ಗ್ರಾಂ ಇಂಗಾಲ-13ರ ಗುರುತಿನ ಸೋಡಿಯಂ ಬೈಕಾರ್ಬೊನೇಟ್ ಮೇಲೆ ಆಮ್ಲ ಬಿದ್ದರೆ ಸುಮಾರು 290 ಮಿಲಿಲೀಟರ್ ಅನಿಲ ಬರುತ್ತದೆ. 250 ಲೀಟರ್ ಪೆಟ್ಟಿಗೆಯಲ್ಲಿ ಅದು 1,150 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 1,150 ಭಾಗ) ಏರಿಕೆ, ಅಷ್ಟು ಬೇಕಿಲ್ಲ. ಗಿಡಗಳೇ ಪೆಟ್ಟಿಗೆಯ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅನ್ನು 200 ಪಿಪಿಎಂಗೆ ಇಳಿಸಲಿ, ಆಮೇಲೆ ಅರ್ಧ ಗ್ರಾಂ ಬಳಸಿ. ದುಬಾರಿ ಪುಡಿ, ಕೈಬಿಗಿ ಇರಲಿ.

ಅನಿಲ ಕೊಡದ ಕುಂಡಗಳನ್ನು ದೂರ, ಗಾಳಿ ಬರುವ ದಿಕ್ಕಿನಲ್ಲಿಡಿ. ಒಣಗಿದ ಮಾದರಿ ಅರೆಯುವಾಗಲೂ ಅವುಗಳದ್ದೇ ಮೊದಲು. ಗುರುತು ಹೆಚ್ಚಿರುವ ಎಲೆ ಕೊನೆಗೆ.