ಎಕ್ಸ್‌ನಂಥ (ಹಿಂದಿನ ಟ್ವಿಟರ್) ತಾಣಗಳಲ್ಲಿ ಎರಡು ಸಾಲಿನ ಪೋಸ್ಟ್‌ಗಳು ಇಷ್ಟು ವರ್ಷ ಹೇಗೆ ಉಳಿದುಕೊಂಡಿವೆ? ಅವುಗಳಿಂದ ಉಪಯೋಗವಿದೆಯೇ?

ಖಂಡಿತ ಇದೆ. ಬರೆಯಲು ಅರ್ಧ ನಿಮಿಷ, ಓದಲು ಒಂದು ನೋಟ ಸಾಕು, ಅದಕ್ಕೇ ಉಳಿದಿವೆ. 2006ರಲ್ಲಿ ಟ್ವಿಟರ್ ಶುರುವಾದದ್ದು ಎಸ್ಸೆಮ್ಮೆಸ್ ಅನ್ನು ನೆಚ್ಚಿಕೊಂಡು. ಎಸ್ಸೆಮ್ಮೆಸ್‌ನ 160 ಅಕ್ಷರಗಳಲ್ಲಿ 20 ಬರೆದವರ ಹೆಸರಿಗೆ, ಉಳಿದ 140 ಮಾತಿಗೆ. 2017ರಲ್ಲಿ ಮಿತಿ 280ಕ್ಕೆ ಏರಿದರೂ ಚುಟುಕುತನ ಹೋಗಲಿಲ್ಲ.

ಸಕಲೇಶಪುರದ ಮಳೆಗಾಲದಲ್ಲಿ ಇದರ ಬೆಲೆ ತಿಳಿಯುತ್ತದೆ. ‘ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದಿದೆ, ಲಾರಿಗಳು ದೋಣಿಗಾಲ್‌ನಲ್ಲೇ ನಿಂತಿವೆ’ ಎಂಬ ಸಾಲು, ಕರೆಂಟಿಲ್ಲದೆ ಸಿಗ್ನಲ್ ಕುಂಟುತ್ತಿದ್ದರೂ ದಾಟಿಹೋಗುತ್ತದೆ. ಯಾರ ನಂಬರೂ ಬೇಕಿಲ್ಲ, ಎಲ್ಲರಿಗೂ ಕಾಣುತ್ತದೆ. ಮಂಗಳೂರಿಗೆ ಹೊರಟವರು ಹಾಸನದಲ್ಲೇ ದಾರಿ ಬದಲಿಸಬಹುದು. ಕಾಫಿ ಗಿಡದ ಕಾಂಡಕೊರಕಕ್ಕೆ ಮದ್ದನ್ನು ಮಾತ್ರ ಇಲ್ಲಿ ಹುಡುಕಬೇಡಿ. ಅದಕ್ಕೆ ಉದ್ದದ ವಿವರಣೆ ಬೇಕು, ಹೋದ ವಾರದ ಪೋಸ್ಟ್ ಇಲ್ಲಿ ಆಗಲೇ ಹೂತುಹೋಗಿರುತ್ತದೆ.