ಕ್ರೈಸ್ತ ಚಕ್ರವರ್ತಿಯ ಕಂಚಿನಲ್ಲಿ ಸೂರ್ಯದೇವ

ಪ್ರಿಯ ಓದುಗರೇ, ರೋಮ್ ಕುರಿತ ನಮ್ಮ ಲೇಖನ ಓದಿ ನೀವು ಕೇಳಿದ್ದೀರಿ: 312ರಲ್ಲಿ ಮಿಲ್ವಿಯನ್ ಸೇತುವೆಯ ಕಾಳಗ ಗೆದ್ದು ಕ್ರಿಸ್ತನ ಕಡೆ ವಾಲಿದ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್, ಆಮೇಲೂ ವರ್ಷಗಟ್ಟಲೆ ಕಂಚಿನ ನಾಣ್ಯಗಳಲ್ಲಿ ಸೂರ್ಯದೇವನನ್ನೇ ಅಚ್ಚು ಹಾಕಿಸಿದ್ದೇಕೆ? ಅವನ ಭಕ್ತಿ ಬರೀ ನಾಟಕವೇ?

ನಾಟಕ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ನಾಣ್ಯವನ್ನೇ ನೋಡಿ. ಎರಡು ಸೆಂಟಿಮೀಟರಿನಷ್ಟು ಅಗಲದ ಬಿಲ್ಲೆ. ಹಿಂಬದಿಯಲ್ಲಿ ಕಿರಣಗಳ ಕಿರೀಟ ತೊಟ್ಟ ಸೂರ್ಯ ಬಲಗೈ ಮೇಲೆತ್ತಿ, ಎಡಗೈಯಲ್ಲಿ ಗೋಳ ಹಿಡಿದು ನಿಂತಿದ್ದಾನೆ. ಸುತ್ತಲಿನ ಬರಹ ಅವನನ್ನು ಚಕ್ರವರ್ತಿಯ ಜೊತೆಗಾರ ಎನ್ನುತ್ತದೆ. ಇದು ಕೈಯಿಂದ ಕೈಗೆ ಓಡಾಡುತ್ತಿದ್ದದ್ದು ಸೈನಿಕರ, ಸಂತೆಯವರ ನಡುವೆ; ಅವರಲ್ಲಿ ಬಹುಪಾಲು ಮಂದಿ ಇನ್ನೂ ಹಳೆಯ ದೇವರುಗಳಿಗೇ ನಡೆದುಕೊಳ್ಳುತ್ತಿದ್ದರು. 313ರಲ್ಲಿ ಕಾನ್‌ಸ್ಟಂಟೈನನೂ ಅವನ ಸಹಚಕ್ರವರ್ತಿ ಲಿಸಿನಿಯಸ್ಸೂ ಕ್ರೈಸ್ತರಿಗೆ ಪೂಜಾಸ್ವಾತಂತ್ರ್ಯ ಕೊಟ್ಟರೇ ಹೊರತು ಉಳಿದವರ ಗುಡಿಗಳಿಗೆ ಬೀಗ ಹಾಕಿಸಲಿಲ್ಲ. 321ರಲ್ಲಿ ನ್ಯಾಯಾಧೀಶರಿಗೂ ಪಟ್ಟಣಿಗರಿಗೂ ವಾರದ ರಜೆ ವಿಧಿಸಿದಾಗಲೂ ಅವನ ಆಜ್ಞೆ ಆ ದಿನವನ್ನು ಸೂರ್ಯನ ದಿನವೆಂದೇ ಕರೆಯಿತು.

318ರ ಸುಮಾರಿಗೆ ಸೂರ್ಯ ಕಂಚಿನಿಂದ ಮರೆಯಾಗುತ್ತಾನೆ. ಆದರೆ ಆ ಜಾಗಕ್ಕೆ ಶಿಲುಬೆ ಬರಲಿಲ್ಲ. ವಿಜಯದೇವತೆಯರು, ಹರಕೆಯ ಮಾತು, ಕೋಟೆಯ ಬಾಗಿಲು ಹೀಗೆ ಯಾರಿಗೂ ನೋವಾಗದ ಚಿತ್ರಗಳು ಬಂದವು. 327ರ ಒಂದು ಅಪರೂಪದ ಕಾನ್‌ಸ್ಟಾಂಟಿನೋಪಲ್ ನಾಣ್ಯದಲ್ಲಿ, ಕ್ರಿಸ್ತನ ಹೆಸರಿನ ಮೊದಲೆರಡು ಗ್ರೀಕ್ ಅಕ್ಷರಗಳ ಲಾಂಛನ ಹೊತ್ತ ಬಾವುಟ ಹಾವೊಂದನ್ನು ಇರಿಯುತ್ತದೆ. ಅದೇ ಲಾಂಛನ ಹಿಂಬದಿಯನ್ನು ಪೂರ್ತಿ ತುಂಬಿಕೊಂಡದ್ದು 353ರ ಹೊತ್ತಿಗೆ, ಅಧಿಕಾರ ಕಸಿದುಕೊಂಡಿದ್ದ ಮ್ಯಾಗ್ನೆಂಟಿಯಸ್‌ನ ನಾಣ್ಯದಲ್ಲಿ.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು, 337ರಲ್ಲಿ ಕಾನ್‌ಸ್ಟಂಟೈನ್ ತೀರಿಕೊಂಡ ಮೇಲೆ ಅವನ ಮಕ್ಕಳು ಹೊರಡಿಸಿದ ಪುಟ್ಟ ಕಂಚಿನ ನಾಣ್ಯದಲ್ಲಿ. ಮುಂಬದಿಯಲ್ಲಿ ತಲೆಗೆ ಮುಸುಕು ಹೊದ್ದ ಕಾನ್‌ಸ್ಟಂಟೈನ್. ಹೆಸರಿಗೆ ಮೊದಲು, ಸತ್ತು ದೈವವಾದರೆಂದು ಹಳೆಯ ಚಕ್ರವರ್ತಿಗಳಿಗೆ ಸಲ್ಲುತ್ತಿದ್ದ ಬಿರುದು. ಹಿಂಬದಿಯಲ್ಲಿ ಅವನು ಸೂರ್ಯನಂತೆಯೇ ನಾಲ್ಕು ಕುದುರೆಗಳ ರಥವೇರಿ ಹೊರಟಿದ್ದಾನೆ. ಮೇಲಿನಿಂದ ಚಾಚಿದ ಒಂದು ಕೈ ಅವನನ್ನು ಬರಮಾಡಿಕೊಳ್ಳುತ್ತಿದೆ. ಹಳೆಯ ಮತದವರಿಗೆ ಇದು ಹಿಂದಿನ ಚಕ್ರವರ್ತಿಗಳು ಕಂಡ ಸ್ವರ್ಗಾರೋಹಣವೇ. ಕ್ರೈಸ್ತರಿಗೆ ಆ ಕೈ ತಮ್ಮ ದೇವರದು. ಕಾನ್‌ಸ್ಟಂಟೈನನ ಜೀವನಚರಿತ್ರೆ ಬರೆದ ಸಿಸೇರಿಯಾದ ಬಿಷಪ್ ಯೂಸೀಬಿಯಸ್ ಈ ನಾಣ್ಯವನ್ನು ಬಲ್ಲವನು. ಮುಸುಕು, ರಥ, ಕೈ ಎಲ್ಲವನ್ನೂ ಅವನು ಆಕ್ಷೇಪದ ಸೊಲ್ಲಿಲ್ಲದೆ ವರ್ಣಿಸುತ್ತಾನೆ. ಬಿಷಪ್ಪನಿಗೇ ಇರುಸುಮುರುಸಾಗದ ಈ ಬೆರಕೆಯನ್ನು ನಾವು ಕಪಟ ಎಂದರೆ ಆ ಕಾಲದವರಿಗೆ ಅನ್ಯಾಯ ಮಾಡಿದಂತೆ.

— ಸಂಪಾದಕ