ಊರು ತಿರುಗುವ ಆಟಗಳು: ಬದಿಯಡ್ಕದ ಅಕ್ಕನಿಗೆ ಉತ್ತರ

ನಮಸ್ಕಾರ ಅಕ್ಕ. ಮಗ ಪ್ಲಸ್ ವನ್ (ಹನ್ನೊಂದನೇ ತರಗತಿ), ಮ್ಯಾಪ್ ನೋಡುವುದೆಂದರೆ ಪ್ರಾಣ, ನಿಜವಾದ ಜಾಗಗಳನ್ನು ತಿರುಗಿ ನೋಡುವ ಆಟ ಬೇಕು ಅಂದಿದ್ದೀರಿ. ಮನೆಯಲ್ಲಿರುವುದು ಹಳೇ ಲ್ಯಾಪ್‌ಟಾಪ್, ನೆಟ್ ಅಷ್ಟಕ್ಕಷ್ಟೆ. ದುಬೈಯಿಂದ ಅಣ್ಣ ರಜೆಗೆ ಬರುವಾಗ ಪಿಎಸ್4 (ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 4) ತರಲೋ ಅಂತ ಕೇಳುತ್ತಿದ್ದಾರೆ. ನಾನೂ ನಿಮ್ಮ ಕಾಸರಗೋಡಿನವನೇ, ಪೆರ್ಲದ ಕಡೆ. ನಮ್ಮಲ್ಲೂ ಹೆಚ್ಚುಕಡಿಮೆ ಇದೇ ಪರಿಸ್ಥಿತಿ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಅಣ್ಣ ಬರುವವರೆಗೆ ಒಂದು ಪೈಸೆಯೂ ಖರ್ಚು ಮಾಡಬೇಡಿ. ಫ್ಲೈಟ್‌ಗಿಯರ್ ಅಂತ ವಿಮಾನ ಹಾರಿಸುವ ಆಟ ಉಂಟು. 1997ರಿಂದ ಸ್ವಯಂಸೇವಕರು ಕಟ್ಟುತ್ತಾ ಬಂದದ್ದು, ಪೂರ್ತಿ ಉಚಿತ. ಚಿತ್ರದ ಗುಣಮಟ್ಟ ತಗ್ಗಿಸಿಟ್ಟರೆ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರಲ್ಲಿ ಟೆರಾಸಿಂಕ್ ಅನ್ನುವುದನ್ನು ಆನ್ ಮಾಡಿಡಿ. ಹಾರುವ ಜಾಗದ ನೆಲವನ್ನು ಅದು ಇಳಿಸಿಕೊಂಡು ಡಿಸ್ಕಿನಲ್ಲೇ ಇಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ನೆಟ್ ಹೋದರೂ ಒಮ್ಮೆ ಹಾರಿದ ದಾರಿಯಲ್ಲಿ ಮತ್ತೆ ಹಾರಬಹುದು.

ಮಗ ಮೊದಲ ದಿನವೇ ಪ್ಯಾರಿಸ್, ನ್ಯೂಯಾರ್ಕ್ ಅನ್ನುತ್ತಾನೆ. ಬೇಡ, ಮಂಗಳೂರಿನಿಂದ ಹಾರಲಿ. ನಿಲ್ದಾಣದ ಕೋಡ್ ವಿಒಎಂಎಲ್. ಸಣ್ಣ ಸೆಸ್ನಾ ವಿಮಾನ ಸಾಕು. ಕರಾವಳಿಗೆ ಬಂದು ಎಡಕ್ಕೆ ತಿರುಗಿ, ಸಮುದ್ರ ಬಲಗಡೆಗೇ ಇರುವ ಹಾಗೆ ದಕ್ಷಿಣಕ್ಕೆ ಹೋಗಲಿ. ನೇತ್ರಾವತಿ ದಾಟಿ, ಮಂಜೇಶ್ವರ, ಕುಂಬಳೆ, ಆಮೇಲೆ ಚಂದ್ರಗಿರಿ ಹೊಳೆ. ಅಲ್ಲಿ ಒಳಗೆ ತಿರುಗಿ ನಿಮ್ಮ ಮನೆಯ ಕಡೆಯ ಗುಡ್ಡ ಹುಡುಕಲಿ. ಆಗ ಅವನಿಗೆ ಒಂದು ವಿಷಯ ಗೊತ್ತಾಗುತ್ತದೆ. ದೊಡ್ಡ ಗುಡ್ಡಗಳ ಸಾಲು ಇದ್ದಲ್ಲೇ ಇರುತ್ತದೆ, ಆದರೆ ಎರಡು ಗುಡ್ಡದ ನಡುವೆ ಅಡಿಕೆ ತೋಟ ಇರುವ ಇಕ್ಕಟ್ಟಿನ ಕಣಿವೆ ತುಂಬಿ ಸಪಾಟಾದ ಹಾಗೆ ಕಾಣುತ್ತದೆ. ಕಾರಣ ಉಂಟು. ಇಂಥ ಆಟಗಳು ಬಳಸುವ ನೆಲದ ಎತ್ತರದ ಲೆಕ್ಕ ಬಹುಪಾಲು 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದದ್ದು. ನಮ್ಮ ಕಡೆಗೆ ಮೊದಲು ಎಲ್ಲರಿಗೂ ಸಿಕ್ಕಿದ ಆ ಲೆಕ್ಕದಲ್ಲಿ ಎತ್ತರ ಅಳೆದ ಚುಕ್ಕಿ ಸುಮಾರು 90 ಮೀಟರಿಗೊಂದು. ಅದಕ್ಕಿಂತ ಸಣ್ಣದು ಚುಕ್ಕಿಗಳ ನಡುವೆ ಬಿದ್ದು ಹೋಗುತ್ತದೆ. ಮನೆ, ಮರ ಹೆಚ್ಚಿನವು ಕಂಪ್ಯೂಟರ್ ತಾನಾಗಿ ನೆಟ್ಟದ್ದು.

ಇದಾದ ಮೇಲೆ ಗೂಗಲ್ ಅರ್ಥ್ ಪ್ರೊ ಹಾಕಿಕೊಡಿ. ಅದೂ ಉಚಿತ. ಕಂಟ್ರೋಲ್, ಆಲ್ಟ್, ಎ ಒಟ್ಟಿಗೆ ಒತ್ತಿದರೆ ಅದರಲ್ಲೂ ವಿಮಾನ ಬರುತ್ತದೆ. ಇಲ್ಲಿ ಕೆಳಗೆ ಕಾಣುವುದು ಮೇಲಿಂದ ತೆಗೆದ ನಿಜವಾದ ಫೋಟೊ, ಕೆಂಪುಕಲ್ಲಿನ ಕೋರೆಗಳೂ ಕಾಣುತ್ತವೆ. ಒಂದೇ ಗುಡ್ಡವನ್ನು ಎರಡರಲ್ಲೂ ನೋಡಿ, ಆಮೇಲೆ ಅಂಗಳದಲ್ಲಿ ನಿಂತು ಕಣ್ಣಾರೆ ನೋಡಲಿ. ಯಾವುದು ಅಳೆದದ್ದು, ಯಾವುದು ಊಹಿಸಿದ್ದು ಅಂತ ನಮ್ಮ ಊರಿನಲ್ಲಿ ಕಂಡುಹಿಡಿದವನಿಗೆ ಬೇರೆ ಊರಿನಲ್ಲೂ ಕಣ್ಣು ಮೋಸ ಹೋಗುವುದಿಲ್ಲ.

ಜಿಯೋಗೆಸರ್ ಹೆಸರು ಕೇಳಿರಬಹುದು. ಗೂಗಲ್ ರಸ್ತೆರಸ್ತೆಯಲ್ಲಿ ತೆಗೆದ ಫೋಟೊಗಳ ಸ್ಟ್ರೀಟ್ ವ್ಯೂನ ಯಾವುದೋ ರಸ್ತೆಯಲ್ಲಿ ಇಳಿಸಿ ಎಲ್ಲಿದ್ದೀಯ ಹೇಳು ಅನ್ನುವ ಆಟ, 2013ರದ್ದು. ಈಗ ಜಾಸ್ತಿ ಆಡಬೇಕಾದರೆ ದುಡ್ಡು ಕೊಡಬೇಕು. ಓಪನ್‌ಗೆಸರ್ ಅದೇ ರೀತಿಯದು, ಉಚಿತ. ಇದರಲ್ಲಿ ನಮ್ಮ ಮಕ್ಕಳಿಗೆ ಒಂದು ಹಿಡಿತ ಉಂಟು. ಹುಟ್ಟಿದಾಗಿನಿಂದ ಬೋರ್ಡುಗಳಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರನ್ನೂ ನೋಡಿದ ಕಣ್ಣು, ಬೇರೆ ಲಿಪಿಯ ವ್ಯತ್ಯಾಸವನ್ನೂ ಬೇಗ ಹಿಡಿಯುತ್ತದೆ. ಗಾಡಿ ಯಾವ ಬದಿಯಲ್ಲಿ ಹೋಗುತ್ತದೆ, ನಡುಮಧ್ಯಾಹ್ನದ ಬಿಸಿಲು ದಕ್ಷಿಣದಿಂದಲೋ ಉತ್ತರದಿಂದಲೋ, ವಿದ್ಯುತ್ ಕಂಬ ಹೇಗಿದೆ, ಇವನ್ನು ನೋಡಲು ಹೇಳಿ. ಕೆಂಪು ಮಣ್ಣು ಕಂಡ ಕೂಡಲೇ ಕೇರಳ ಅಂತ ಒತ್ತುವುದು ಬೇಡ, ಪಶ್ಚಿಮ ಆಫ್ರಿಕದಲ್ಲೂ ಬ್ರೆಜಿಲ್‌ನಲ್ಲೂ ಅದೇ ಬಣ್ಣ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಈಗ ಬೇಡ. 2020ರ ಆವೃತ್ತಿಗೇ 150 ಜಿಬಿ ಜಾಗ ಬೇಕು, ಮೇಲೆ ನೆಲದ ಚಿತ್ರ ನೆಟ್‌ನಿಂದ ಹರಿದು ಬರುತ್ತಲೇ ಇರಬೇಕು.

ಪಿಎಸ್4 ಬರುವುದಾದರೆ ನಾನು ಹೇಳುವುದು ಒಂದೇ ಹೆಸರು: 2017ರ ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ. ಕತೆ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ, ಹುಡುಕುವುದು ಹೊಯ್ಸಳರ ಗಣೇಶನ ದಂತವನ್ನು. ಬೇಲೂರು, ಹಳೇಬೀಡು ಅನ್ನುವ ಹೆಸರು ಆಟದಲ್ಲಿ ಕೇಳಿದಾಗ ನನಗೆ ಮೈ ಜುಮ್ ಅಂದಿತ್ತು. ಒಂದು ಇಡೀ ಅಧ್ಯಾಯ ಜೀಪಿನಲ್ಲಿ ಕೆಸರು ರಸ್ತೆ ಹತ್ತಿಳಿಯುತ್ತಾ, ಕೈಯಲ್ಲಿ ಮ್ಯಾಪ್ ಹಿಡಿದು ಪಾಳುಗುಡಿ ಹುಡುಕುವುದೇ. ನಿಮ್ಮ ಮಗನಿಗೆ ಅದು ಹೇಳಿ ಮಾಡಿಸಿದ್ದು. ಗುಂಡು, ಹೊಡೆದಾಟ ಇದೆ, ಅದನ್ನು ಮುಚ್ಚಿಡುವುದಿಲ್ಲ. ಎಲ್ಲಕ್ಕಿಂತ ಸುಲಭದ ಎಕ್ಸ್‌ಪ್ಲೋರರ್ ಮಟ್ಟದಲ್ಲಿಟ್ಟರೆ ಅದು ಬೇಗ ಮುಗಿದು ತಿರುಗಾಟವೇ ಜಾಸ್ತಿ ಉಳಿಯುತ್ತದೆ.

ಆದರೆ ಇಲ್ಲಿ ನೆಲವೇ ಕಲ್ಪನೆಯದು. ನಿಜವಾದ ಹಳೇಬೀಡು ಘಟ್ಟದ ಕಾಡಿನಲ್ಲಿಲ್ಲ, ಘಟ್ಟ ಹತ್ತಿದ ಮೇಲೆ ಹಾಸನದ ಬಯಲಿನಲ್ಲಿದೆ. ಆಟದ ಮುಗಿಲೆತ್ತರದ ವಿಗ್ರಹಗಳು ಅಲ್ಲಿಲ್ಲ. ಅಲ್ಲಿರುವುದು 12ನೇ ಶತಮಾನದ, ಬಳಪದ ಕಲ್ಲಿನ ಗುಡಿ. ಶಿಖರ ಇಲ್ಲ. ದೊಡ್ಡಸ್ತಿಕೆ ಪೂರಾ ಸಣ್ಣದರಲ್ಲಿ: ಗೋಡೆಯ ಬುಡದಲ್ಲಿ ಸಾಲಾಗಿ ನಡೆಯುವ ಆನೆಗಳು, ಒಂದರ ಹಾಗೆ ಇನ್ನೊಂದಿಲ್ಲ. ಆಟ ಮುಗಿದ ಮೇಲೆ ರಜೆಯಲ್ಲಿ ಮಗನನ್ನು ಶಿರಾಡಿ ದಾಟಿ ಒಮ್ಮೆ ಕರೆದುಕೊಂಡು ಹೋಗಿ. ನಾವು ಹೋದಾಗ ಅಳಿಯ ಆನೆಗಳ ಮುಂದಿನಿಂದ ಏಳಲೇ ಇಲ್ಲ.

ಅಣ್ಣನಿಗೆ ಹೇಳಬೇಕಾದ್ದು: ಆಟವನ್ನು ಡಿಸ್ಕಿನಲ್ಲೇ ತರಲಿ, ನಮ್ಮ ನೆಟ್‌ನಲ್ಲಿ ಇಳಿಸುತ್ತಾ ಕೂತರೆ ರಜೆಯೇ ಮುಗಿಯುತ್ತದೆ. ಪಿಎಸ್4 ಡಿಸ್ಕ್ ದುಬೈಯದ್ದಾದರೂ ಇಲ್ಲಿ ಓಡುತ್ತದೆ. ಅಲ್ಲಿಯ ಪ್ಲಗ್‌ನ ಚಪ್ಪಟೆ ಕಡ್ಡಿ ನಮ್ಮ ಸಾಕೆಟ್ಟಿಗೆ ಹೋಗುವುದಿಲ್ಲ, ವಯರ್ ಮಾತ್ರ ಇಲ್ಲಿ ಪೇಟೆಯಲ್ಲಿ ತೆಗೆದುಕೊಳ್ಳಿ. ಲ್ಯಾಪ್‌ಟಾಪಿನ ರ‍್ಯಾಮ್ ಎಷ್ಟು ಅಂತ ಇಲ್ಲೇ ಬರೆಯಿರಿ, ಫ್ಲೈಟ್‌ಗಿಯರ್‌ನ ಯಾವ ಆವೃತ್ತಿ ಹಾಕಬೇಕು ಹೇಳುತ್ತೇನೆ.